ನೀರು ಕಣಗಿಲೆ ಹುಡುಕಿಕೊಂಡು: ಉಪ್ಪಿನಂಗಡಿ, ಶಿಶಿಲ, ಸೀತಾನದಿ

ಶಿವರಾತ್ರಿ ಕಳೆದ ಮೇಲೆ ಒಂದು ವಾರಾಂತ್ಯ ನಾನು, ಭಾವ, ಅಕ್ಕನ ಮಗಳು ಮಂಗಳೂರಿಂದ ಹೊರಟದ್ದು ಒಂದು ಪೊದೆಯನ್ನು ನೋಡ್ಲಿಕ್ಕೆ. ಹೊಳೆಯ ನಡುವಿನ ಬಂಡೆ ಸಂದಿಯಲ್ಲಿ ಬೆಳೆಯುವ ಪೊದೆ, ಹೆಸರು ನೀರು ಕಣಗಿಲೆ, ಹೊಳೆನಗೆ ಅಂತ ಹೇಳುವವರೂ ಇದ್ದಾರೆ. ಸಸ್ಯಶಾಸ್ತ್ರದವರಿಗೆ ಅದು ಹೊಮೊನೊಯಾ ರೈಪೇರಿಯಾ. ಅಕ್ಕನ ಮಗಳು ಕೊಣಾಜೆಯಲ್ಲಿ ಬಾಟನಿ ಎಂಎಸ್ಸಿ ಮಾಡ್ತಾ ಇದ್ದಾಳೆ, ಅವಳ ಪ್ರಾಜೆಕ್ಟಿಗೆ ನಮ್ಮ ಜಿಲ್ಲೆಯ ಹೊಳೆಗಳಲ್ಲಿ ಈ ಗಿಡ ಎಲ್ಲೆಲ್ಲಿ ಉಳ್ಕೊಂಡಿದೆ ನೋಡಬೇಕಿತ್ತು. ನನಗೆ ಚಿಕ್ಕಂದಿಂದ ಹೊಳೆ ಅಂದ್ರೆ ಪ್ರಾಣ, ಭಾವನ ಹತ್ರ ಕಾರುಂಟು, ಮತ್ತೆ ಎಂತ ಬೇಕು, ಹೊರಟೆವು.

ಗಿಡದ ಬಗ್ಗೆ ಮೊದಲೇ ಸ್ವಲ್ಪ ಹೇಳಿಬಿಡ್ತೇನೆ, ಇಲ್ಲದಿದ್ರೆ ಮುಂದಿನದ್ದು ಅರ್ಥ ಆಗುದಿಲ್ಲ. ನೋಡ್ಲಿಕ್ಕೆ ಇದು ಥೇಟ್ ವಿಲ್ಲೋ. ಉದ್ದದ ಸಪೂರ ಎಲೆ, ಬಳುಕುವ ಕೊಂಬೆ, ನೀರಿನ ಬದಿಯಲ್ಲೇ ವಾಸ. ಇಂಗ್ಲಿಷಿನವರೂ ಇದನ್ನು ವಿಲ್ಲೋ ಎಲೆಯ ಗಿಡ ಅಂತಲೇ ಕರೆದದ್ದು. ಆದ್ರೆ ಕುಟುಂಬ ಬೇರೆ, ಇದು ಹರಳು ಗಿಡದ ಬಳಗದ್ದು, ಯೂಫೋರ್ಬಿಯೇಸಿ. ನಿಜವಾದ ವಿಲ್ಲೋ ಅಂದ್ರೆ ಸೇಲಿಕ್ಸ್, ಲೋಕದಲ್ಲಿ ಸುಮಾರು 400 ಜಾತಿ ಉಂಟು, ಹೆಚ್ಚಿನವು ಚಳಿ ದೇಶದವು. ಕ್ರಿಕೆಟ್ ಬ್ಯಾಟಿಗೆ ಬರುದು ಅದರಲ್ಲೇ ಒಂದು. ನಮ್ಮ ದಕ್ಷಿಣಕ್ಕೂ ಒಂದು ಸ್ವಂತ ವಿಲ್ಲೋ ಉಂಟು, ಸೇಲಿಕ್ಸ್ ಟೆಟ್ರಾಸ್ಪರ್ಮಾ, ಸಸ್ಯವಿಜ್ಞಾನಿ ರಾಕ್ಸ್‌ಬರ್ಗ್ ಹೆಸರಿಟ್ಟದ್ದು, ಹಿಮಾಲಯದ ತಪ್ಪಲಿಂದ ಹಿಡಿದು ನಮ್ಮ ಘಟ್ಟದ ತೊರೆ, ಜೌಗುಗಳವರೆಗೂ ಸಿಕ್ತದೆ, ಆದ್ರೆ ಅದು ಮರ ಆಗಿ ಬೆಳೆಯುವಂಥದ್ದು. ಘಟ್ಟದ ಕೆಳಗೆ ನಮ್ಮ ಕರಾವಳಿ ಹೊಳೆಗಳಲ್ಲಿ ವಿಲ್ಲೋ ಮಾಡುವ ಕೆಲಸ ಎಲ್ಲ ಮಾಡುದು ಈ ನೀರು ಕಣಗಿಲೆ ಪೊದೆಯೇ. ಮಣ್ಣು ಹಿಡ್ಕೊಳ್ಳುದು, ಪ್ರವಾಹದ ರಭಸ ತಗ್ಗಿಸುದು, ಮೀನಿಗೆ ನೆರಳು ಕೊಡುದು.

1790ರಲ್ಲಿ ಪೋರ್ಚುಗೀಸ್ ಪಾದ್ರಿ ಲೌರೇರೋ ಈಗಿನ ವಿಯೆಟ್ನಾಂ ಕಡೆ ನೋಡಿ ಬರೆದ ಗಿಡ ಇದು. ನಮ್ಮ ದೇಶ, ಶ್ರೀಲಂಕಾ, ಚೀನಾದ ದಕ್ಷಿಣ, ಮಲೇಷ್ಯಾ, ಫಿಲಿಪೈನ್ಸ್, ಅಷ್ಟು ದೂರದವರೆಗೂ ಹಬ್ಬಿದೆ. ಹಾಗಾಗಿ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ, ಅಂದ್ರೆ ಅಳಿವಿನ ಅಪಾಯದ ಪಟ್ಟಿಯಲ್ಲಿ, ಇದಕ್ಕೆ ಕೊಟ್ಟ ದರ್ಜೆ ಅತಿ ಕಡಿಮೆ ಆತಂಕದ್ದು, ಲೀಸ್ಟ್ ಕನ್ಸರ್ನ್ ಅಂತಾರಲ್ಲ ಅದು. ಈ ಮಾತು ಸ್ವಲ್ಪ ನೆನಪಲ್ಲಿಟ್ಟುಕೊಳ್ಳಿ, ಇಡೀ ಪ್ರವಾಸದಲ್ಲಿ ನಮ್ಮ ಕಾರೊಳಗೆ ನಡೆದ ಚರ್ಚೆಯೆಲ್ಲ ಇದರದ್ದೇ.

ಶುಕ್ರವಾರ

ಬೆಳಿಗ್ಗೆ ಬನ್ಸ್, ಚಾ ಮುಗಿಸಿ ಪಂಪ್‌ವೆಲ್ ದಾಟಿದೆವು. ತುಂಬೆಯಲ್ಲಿ ಐದು ನಿಮಿಷ ನಿಲ್ಲಿಸಿದ್ದು ಅಷ್ಟೇ. ಮಂಗಳೂರಿನ ಮನೆ ಮನೆಯ ನಲ್ಲಿಗೆ ಬರುವ ನೀರು ಇಲ್ಲಿ ನಿಂತ ನೀರೇ, ಅಣೆಕಟ್ಟಿನ ಮೇಲಿನ ಭಾಗದಲ್ಲಿ ನೇತ್ರಾವತಿ ಕೆರೆಯಾಗಿ ಅಲ್ಲಾಡದೆ ಮಲಗಿದೆ, ಎರಡೂ ದಡದಲ್ಲಿ ತೆಂಗು, ಅಡಿಕೆ, ಕೆಳಗೆ ಕೆಸರು. ನೀರು ಕಣಗಿಲೆಗೆ ಇಲ್ಲಿ ಜಾಗ ಇಲ್ಲ. ಅದಕ್ಕೆ ಬೇಕಾದ್ದು ಮೂರೇ, ಬಂಡೆ, ಹರಿಯುವ ನೀರು, ಬೇಸಗೆಯಲ್ಲಿ ಮೈಗೆ ಬಿಸಿಲು. ಪಾಣೆಮಂಗಳೂರಿನ ಸೇತುವೆ ಹತ್ರ ನೋಡಿದ್ರೆ ಬರೀ ಮರಳು. ಬಂಡೆ ಶುರು ಆಗುದು ಇನ್ನೂ ಮೇಲೆ.

ಮಾಣಿ ದಾಟಿ ಹೈವೇ ಕೆಲಸದ ಧೂಳು ತಿಂದ್ಕೊಂಡು ಉಪ್ಪಿನಂಗಡಿ ಮುಟ್ಟುವಾಗ ಹನ್ನೊಂದು. ಸಹಸ್ರಲಿಂಗೇಶ್ವರ ದೇವಸ್ಥಾನದ ಎದುರು ಕುಮಾರಧಾರೆ ಬಂದು ನೇತ್ರಾವತಿಗೆ ಸೇರ್ತಾಳೆ, ಮಳೆಗಾಲದಲ್ಲಿ ಎರಡೂ ಉಕ್ಕಿ ದೇವಸ್ಥಾನದ ಎದುರು ಒಂದಾದ್ರೆ ಸಂಗಮ ಪೂಜೆ. ಬೇಸಗೆಯಲ್ಲಿ ಹೊಳೆಯ ನಡುವೆ ಮರಳಲ್ಲಿ ಉದ್ಭವಲಿಂಗ ಕಾಣ್ತದೆ, ಮಖೆ ಜಾತ್ರೆಗೆ ಬಂದವರು ಮರಳ ಮೇಲೆ ನಡ್ಕೊಂಡು ಹೋಗಿ ಕೈ ಮುಗಿದು ಬರುದು ವಾಡಿಕೆ. ಈಗ ಕೆಳಗೆ ಬಿಳಿಯೂರಿನಲ್ಲಿ ಕಿಂಡಿ ಅಣೆಕಟ್ಟು ಆಗಿದೆ, ಬೇಸಗೆಯಲ್ಲಿ ನೀರು ನಿಲ್ಲಿಸ್ಲಿಕ್ಕೆ ಅದರ ಕಿಂಡಿಗಳಿಗೆ ಹಲಗೆ ಹಾಕಿದ್ರೆ ಹಿನ್ನೀರು ಇಲ್ಲಿವರೆಗೂ ಬಂದು ನಿಲ್ತದೆ. ಚಾ ಅಂಗಡಿಯ ಹಿರಿಯರು ಒಬ್ಬರು ನಾವು ಗಿಡ ನೋಡ್ಲಿಕ್ಕೆ ಬಂದವರು ಅಂತ ಗೊತ್ತಾದ ಮೇಲೆ ಖುಷಿಯಲ್ಲಿ ಮಾತಾಡಿದ್ರು.

"ಮೊದಲು ಈ ಹೊತ್ತಿಗೆ ನಾವು ಮಕ್ಕಳು ಆಚೆ ದಡಕ್ಕೆ ನಡ್ಕೊಂಡೇ ಹೋಗ್ತಿದ್ದೆವು ಮಾರಾಯ್ರೆ. ಬಂಡೆ ಎಲ್ಲ ಮೇಲೆ ಇರ್ತಿತ್ತು, ಅದರ ಎಡೆಯಲ್ಲಿ ನೀವು ಹೇಳುವ ಪೊದೆ. ಮೀನು ಹಿಡೀಲಿಕ್ಕೆ ಅದರ ಬುಡಕ್ಕೇ ಕೈ ಹಾಕುದು."

"ಈಗ ಉಂಟಾ ಅಜ್ಜ?"

"ನೀರು ನಿಂತಿದೆಯಲ್ಲ ಮಗಾ, ಹೇಗೆ ಹೇಳುದು. ಆದ್ರೆ ನನ್ನ ಬಾವಿಯಲ್ಲಿ ಈಗ ಏಪ್ರಿಲಲ್ಲೂ ನೀರುಂಟು, ಅದನ್ನೂ ಹೇಳಬೇಕು."

ಅವರು ಹೇಳಿದ್ದರಲ್ಲಿ ಎರಡೂ ಸತ್ಯ. 1923ರ ಮಾರಿಬೊಳ್ಳದ, ಅಂದ್ರೆ ಮಹಾ ನೆರೆಯ, ಸುದ್ದಿ ಅವರ ಅಪ್ಪನ ಬಾಯಲ್ಲಿ ಕೇಳಿದ್ದಂತೆ, 1974ರದ್ದು ಸ್ವತಃ ಕಂಡದ್ದು, ಊರಿನ ಎಷ್ಟೋ ಮನೆ ಹೋಯ್ತು. "ಆ ಪೊದೆ ಮಾತ್ರ ಎಂತ ಆಗ್ಲಿಲ್ಲ, ನೀರು ಇಳಿದ ಮೇಲೆ ನೋಡಿದ್ರೆ ಅಲ್ಲೇ ಇತ್ತು" ಅಂದ್ರು. ಅಷ್ಟು ದೊಡ್ಡ ನೆರೆಗೂ ಜಗ್ಗದ ಗಿಡ ನಾಲ್ಕು ತಿಂಗಳು ನಿಂತ ನೀರಿಗೆ ಸೋಲ್ತದಾ ಅಂತ ನನಗೆ ಆಗ ನಂಬ್ಲಿಕ್ಕೆ ಆಗ್ಲಿಲ್ಲ.

ಊಟ ಆದ ಮೇಲೆ ಕುಮಾರಧಾರೆಯ ಬದಿ ಹಿಡ್ಕೊಂಡು ಸ್ವಲ್ಪ ಮೇಲೆ ಹೋದೆವು. ಹಿನ್ನೀರು ಮುಗಿಯುವ ಜಾಗ ಕಣ್ಣಿಗೇ ಗೊತ್ತಾಗ್ತದೆ, ಅಲ್ಲಿವರೆಗೆ ನೀರಿಗೆ ಸದ್ದಿಲ್ಲ, ಅಲ್ಲಿಂದಾಚೆ ಬಂಡೆಗೆ ಬಡಿದು ಹರಿಯುವ ಸದ್ದು. ಸದ್ದಿಲ್ಲದ ಕಡೆ ನೀರಿಂದ ಮೇಲೆ ಒಂದಷ್ಟು ಕಂದು ಕಡ್ಡಿ ಎದ್ದು ನಿಂತಿತ್ತು, ಎಲೆ ಇಲ್ಲ, ಮುರಿದ್ರೆ ಲಟಕ್ ಅಂತ ಒಣಗಿದ್ದು. ಸದ್ದು ಶುರು ಆದ ಕಡೆ, ಐವತ್ತು ಹೆಜ್ಜೆ ಆಚೆ, ಅದೇ ಗಿಡ ಹಸಿರು ಹಸಿರಾಗಿ ಉಂಟು. ಅಕ್ಕನ ಮಗಳು ಎರಡೂ ಕಡೆಯ ಫೋಟೋ ತೆಗ್ದು ಪುಸ್ತಕದಲ್ಲಿ ಬರ್ಕೊಂಡ್ಲು.

"ಮಾಮ, ಇದಕ್ಕೆ ನೆರೆ ಅಭ್ಯಾಸ ಉಂಟು. ಮಳೆಗಾಲದಲ್ಲಿ ಪೂರ್ತಿ ಮುಳುಗಿದ್ರೂ ಹರಿಯುವ ನೀರಲ್ಲಿ ಉಸಿರಾಡ್ತದೆ. ಬೇಸಗೆ ಇದರ ಹೂವಿನ ಕಾಲ, ಬೀಜ ಮಾಡುವ ಕಾಲ, ಆಗ ಮೈ ಹೊರಗೆ ಬೇಕು. ನಾವು ಹಲಗೆ ಹಾಕುದು ಸರಿಯಾಗಿ ಅದೇ ತಿಂಗಳಲ್ಲಿ."

ನೋಡಿ, ನಾನು ಮೂರು ದಿನದಲ್ಲಿ ಕಲ್ತದ್ದು ಎಷ್ಟೋ ಇದ್ರೂ ಮುಖ್ಯ ಇದೇ. ಇಂಥ ಗಿಡಗಳಿಗೆ ರಿಯೋಫೈಟ್ ಅಂತ ಹೆಸರು, ಡಚ್ ಸಸ್ಯವಿಜ್ಞಾನಿ ವಾನ್ ಸ್ಟೀನಿಸ್ ಬಳಕೆಗೆ ತಂದದ್ದು, ರಭಸದ ಹೊಳೆಯ ಪಾತ್ರದಲ್ಲೇ, ನೆರೆ ಏರುವ ಎತ್ತರದೊಳಗೇ ಬದುಕುವ ಗಿಡಗಳು. ದಡದ ಮೇಲೆ ಬೇರೆ ಮರಗಳ ಜೊತೆ ಪೈಪೋಟಿಗೆ ಬಿದ್ರೆ ಇವು ಉಳಿಯುದಿಲ್ಲ, ನೆರಳಾಗ್ತದೆ. ಬೇರೆ ಯಾರೂ ನಿಲ್ಲಲಾಗದ ಜಾಗ ಇವಕ್ಕೆ ಮನೆ. ಆ ಜಾಗವೇ ಹೋದ್ರೆ ಹಿಂದೆ ಸರಿಯಲಿಕ್ಕೂ ಇಲ್ಲ, ಮುಂದೆ ಹೋಗಲಿಕ್ಕೂ ಇಲ್ಲ.

ರಾತ್ರಿಗೆ ಅರಸಿನಮಕ್ಕಿಯ ಚಿಕ್ಕಮ್ಮನ ಮನೆ. ನೀರುದೋಸೆ, ಕೋಳಿ ಸಾರು, ಜೊತೆಗೆ ಚಿಕ್ಕಮ್ಮನ ಬೈಗುಳ, ಇಷ್ಟು ಹತ್ರ ಇದ್ದು ವರ್ಷಕ್ಕೊಂದು ಸಲವೂ ಬರುದಿಲ್ಲ ಅಂತ.

ಶನಿವಾರ

ಏಳು ಗಂಟೆಗೇ ಶಿಶಿಲ. ಕಪಿಲಾ ಹೊಳೆ, ಶಿಶಿಲೇಶ್ವರ ದೇವಸ್ಥಾನ, ಮೆಟ್ಟಿಲ ಕೆಳಗೆ ಪೆರುವೊಳು ಮೀನು. ಮಹಶೀರ್ ಜಾತಿಯ ದೊಡ್ಡ ಮೀನುಗಳು, ದೇವರ ಮೀನು ಅಂತ ಇಲ್ಲಿ ಯಾರೂ ಹಿಡಿಯುದಿಲ್ಲ. 1996ರಲ್ಲಿ ಯಾರೋ ಹೊಳೆಗೆ ವಿಷ ಹಾಕಿ ಸಾವಿರಾರು ಮೀನು ಸತ್ತದ್ದನ್ನು ಊರವರು ಇನ್ನೂ ಮರೆತಿಲ್ಲ, ಆಮೇಲೆ ಕಾವಲು ಕಾದು ಮತ್ತೆ ಬೆಳೆಸಿದ್ರು. ಒಂದು ಊರು ಮನಸ್ಸು ಮಾಡಿದ್ರೆ ಹೊಳೆಯ ಒಂದು ತುಂಡನ್ನು ಉಳಿಸಬಹುದು ಅಂತ ಯಾರಿಗಾದ್ರೂ ತೋರಿಸಬೇಕಿದ್ರೆ ಇಲ್ಲಿಗೇ ಕರ್ಕೊಂಡು ಬರಬೇಕು.

ದೇವಸ್ಥಾನದ ಹತ್ರ ಮೆಟ್ಟಿಲು, ಕಾಂಕ್ರೀಟು. ಅಲ್ಲಿಂದ ಹೊಳೆಯಲ್ಲೇ ಮೇಲಕ್ಕೆ ನಡೆದದ್ದಕ್ಕೆ ಮೊಣಕಾಲವರೆಗೆ ನೀರು, ಕಾಲು ಜಾರುವ ಪಾಚಿ, ಆದ್ರೆ ಕಂಡದ್ದು ಜನ್ಮಕ್ಕೆ ಸಾಕಾಗುವಷ್ಟು. ಒಂದು ತಿರುವು ದಾಟಿದ್ದೇ ತಡ, ಹೊಳೆಯ ಅಗಲಕ್ಕೂ ನೀರು ಕಣಗಿಲೆ. ಸೊಂಟದ ಎತ್ತರದ್ದು, ತಲೆಗಿಂತ ಎತ್ತರದ್ದು, ಎಲ್ಲವೂ ಕೆಳಮುಖವಾಗಿ ಬಾಗಿವೆ, ನೀರು ಯಾವ ಕಡೆ ಹೋಗ್ತದೋ ಅದೇ ದಿಕ್ಕಿಗೆ. ಒಂದು ಪೊದೆಯ ಬುಡಕ್ಕೆ ಕೂತು ನೋಡಿದೆ. ಬಂಡೆಯಲ್ಲಿ ಬೆರಳು ಕೂಡ ತೂರದ ಬಿರುಕು, ಅದರೊಳಗೆ ಬೇರು ಚಪ್ಪಟೆಯಾಗಿ ಇಳಿದಿದೆ, ಬಂಡೆ ಯಾವುದು ಬೇರು ಯಾವುದು ಗೊತ್ತಾಗದ ಹಾಗೆ ಎರಡಕ್ಕೂ ಒಂದೇ ಬೂದು ಬಣ್ಣ. ಭಾವ ಎರಡೂ ಕೈಯಲ್ಲಿ ಕಾಂಡ ಹಿಡಿದು ಮೆಲ್ಲ ಜಗ್ಗಿ ನೋಡಿದ್ರು, ಕದಲ್ಲಿಲ್ಲ, ಉಡದ ಪಟ್ಟು. ಕೊಂಬೆಯನ್ನು ಬಗ್ಗಿಸಿ ನೀರಿಗೆ ಮುಟ್ಟಿಸಿದ್ರೂ ಮುರಿಯುದಿಲ್ಲ, ಬಿಟ್ಟ ಕೂಡ್ಲೆ ಎದ್ದು ನಿಲ್ತದೆ.

ನಮ್ಮ ತಲೆಗಿಂತ ಮೇಲಿನ ಕೊಂಬೆಗಳಲ್ಲಿ ಮಳೆಗಾಲದ ಗುರುತು ಉಂಟು. ಒಣ ಹುಲ್ಲು, ಬಿದಿರು ಚೂರು, ಒಂದು ಹರಿದ ಸೀರೆಯ ತುಂಡು, ಪ್ಲಾಸ್ಟಿಕ್ ಚೀಲಗಳು, ಎಲ್ಲ ಸುತ್ತಿಕೊಂಡು ನೇತಾಡ್ತಿವೆ. ಅಂದ್ರೆ ಜುಲೈಯಲ್ಲಿ ನಾವು ನಿಂತ ಜಾಗದ ಮೇಲೆ ಎರಡಾಳು ನೀರು, ಈ ಪೊದೆ ಅದರಡಿಯಲ್ಲಿ. ಎಲೆ ಕಿತ್ತು ಕೊಟ್ಲು ಅಕ್ಕನ ಮಗಳು, ಗೇಣುದ್ದ, ಬೆರಳಗಲ, ಮೇಲೆ ನುಣುಪು, ಅಡಿಯಲ್ಲಿ ಲೆನ್ಸ್ ಇಟ್ಟು ನೋಡಿದ್ರೆ ಸಣ್ಣ ಸಣ್ಣ ಹೊಪ್ಪಳೆ ಎದ್ದ ಚುಕ್ಕಿಗಳು ಸಾಲಾಗಿ ಕಾಣ್ತವೆ. ಅಗಲ ಎಲೆ ಇದ್ರೆ ನೀರು ಎಳೆದು ಹರಿದು ಹಾಕ್ತಿತ್ತು, ಸಪೂರ ಇದ್ದದ್ದಕ್ಕೆ ನೀರು ಸವರಿಕೊಂಡು ಹೋಗ್ತದೆ. ಬೇರೆ ಬೇರೆ ಕುಟುಂಬದ ಗಿಡಗಳಿಗೂ ರಭಸದ ಹೊಳೆಯಲ್ಲಿ ಇದೇ ತರದ ಎಲೆ ಬರುದಂತೆ, ವಿಲ್ಲೋಗೂ ಹಾಗೆಯೇ. ಹೊಳೆ ಕಡೆದ ಆಕಾರ ಅದು.

ಹೂವು ಬಂದಿತ್ತು! ಎಲೆ ಕಂಕುಳಲ್ಲಿ ಕಡ್ಡಿಯ ಹಾಗೆ ಗೊಂಚಲು. ಒಂದು ಪೊದೆಯಲ್ಲಿ ಕೇಸರದ ಮುದ್ದೆ ಮುದ್ದೆ, ಕೆಂಪು ಮಿಶ್ರ ಬಣ್ಣ, ಅದು ಗಂಡು. ಇನ್ನೊಂದರಲ್ಲಿ ಸಣ್ಣ ದುಂಡು ಕಾಯಿ ಕಟ್ಟುತ್ತಾ ಉಂಟು, ಅದು ಹೆಣ್ಣು. ಗಂಡು ಹೆಣ್ಣು ಬೇರೆ ಬೇರೆ ಗಿಡ. ಇದು ಸಂರಕ್ಷಣೆ ವಿಷಯದಲ್ಲಿ ಬಹಳ ದೊಡ್ಡ ಮಾತು, ಯಾಕಂದ್ರೆ ಒಂದು ಹೊಳೆಯ ತುಂಡಲ್ಲಿ ನಾಲ್ಕೈದು ಪೊದೆ ಉಳಿದಿದೆ, ಪರವಾಗಿಲ್ಲ ಅಂತ ನಾವು ಸಮಾಧಾನ ಪಟ್ಟುಕೊಂಡ್ರೆ, ಅವೆಲ್ಲ ಗಂಡೇ ಆದ್ರೆ ಅಥವಾ ಎಲ್ಲ ಹೆಣ್ಣೇ ಆದ್ರೆ ಮುಂದಕ್ಕೆ ಬೀಜ ಇಲ್ಲ, ಇದ್ದವು ಮುದಿಯಾಗಿ ಸಾಯುವ ತನಕ ನೋಡ್ಲಿಕ್ಕೆ ಹಸಿರಾಗಿಯೇ ಇರ್ತವೆ, ನಮಗೆ ಗೊತ್ತೂ ಆಗುದಿಲ್ಲ. ಅಕ್ಕನ ಮಗಳು ಪ್ರತಿ ಪೊದೆಗೂ ಗಂಡು, ಹೆಣ್ಣು ಅಂತ ಗುರುತು ಹಾಕಿಕೊಂಡು ಹೋದ್ಲು. ಇಲ್ಲಿ ಎರಡೂ ಬೇಕಾದಷ್ಟಿದ್ವು, ಬಂಡೆ ಸಂದಿಯ ಮರಳಲ್ಲಿ ಬೆರಳುದ್ದದ ಎಳೆ ಸಸಿಗಳೂ ಸಿಕ್ಕಿದ್ವು, ಅದನ್ನು ನೋಡಿ ಅವಳಿಗಾದ ಸಂತೋಷ ಹೇಳ್ಲಿಕ್ಕೆ ಸಾಧ್ಯ ಇಲ್ಲ.

ಅದರ ಪಕ್ಕದಲ್ಲೇ ಇನ್ನೊಂದು ಸಣ್ಣ ಪೊದೆ, ನೇರಳೆ ಮಿಶ್ರ ಗುಲಾಬಿ ಹೂವು, ರೊಟುಲಾ ಅಕ್ವಾಟಿಕಾ. ಆಯುರ್ವೇದದಲ್ಲಿ ಪಾಷಾಣಭೇದ ಅಂತ ಮೂತ್ರದ ಕಲ್ಲಿಗೆ ಕೊಡ್ತಾರಲ್ಲ, ಆ ಹೆಸರಲ್ಲಿ ಬಳಸುವ ಗಿಡಗಳಲ್ಲಿ ಇದೂ ಒಂದು, ನೀರು ಕಣಗಿಲೆಯನ್ನೂ ಕಲ್ಲಿನ ಮದ್ದಿಗೆ ಬಳಸ್ತಾರೆ. ಬೇಕಾದ್ದು ಬೇರು. ಬೇರು ಅಂದ್ರೆ ಇಡೀ ಗಿಡ ಕಿತ್ತ ಹಾಗೇ, ಬಂಡೆಯಿಂದ ಒಮ್ಮೆ ಬಿಡಿಸಿದ್ರೆ ಆ ಬಿರುಕಿಗೆ ಮತ್ತೊಂದು ಸಸಿ ಕೂರ್ಲಿಕ್ಕೆ ಎಷ್ಟು ವರ್ಷ ಬೇಕೋ. ಮನೆ ಮದ್ದಿಗೆ ಒಂದು ತುಂಡು ಕಡಿದ್ರೆ ಹೊಳೆಗೆ ಎಂತ ಆಗುದಿಲ್ಲ, ಗೋಣಿಯಲ್ಲಿ ತುಂಬಿಸಿ ಸಾಗಿಸ್ಲಿಕ್ಕೆ ಶುರು ಮಾಡಿದ್ರೆ ಕಷ್ಟ.

ಇನ್ನೂ ಒಂದು, ಬಂಡೆ ಮೇಲೆ ಪಾಚಿಯ ಹಾಗೆ ಅಂಟಿಕೊಂಡದ್ದನ್ನು ನಾನು ಪಾಚಿ ಅಂತಲೇ ತಿಳ್ಕೊಳ್ತಿದ್ದೆ, ಅದು ಹೂ ಬಿಡುವ ಗಿಡ ಅಂತೆ, ಪೊಡೊಸ್ಟೆಮೇಸಿ ಕುಟುಂಬ. ನೀರಿಳಿದು ಬಂಡೆ ಒಣಗುವ ಹೊತ್ತಿಗೆ ಸಾಸಿವೆಗಿಂತ ಸಣ್ಣ ಹೂ ಬಿಟ್ಟು ಬೀಜ ಮಾಡಿ ಮುಗಿಸ್ತದೆ. ಅದಕ್ಕೂ ಬೇಸಗೆಯ ಇಳಿದ ನೀರೇ ಬೇಕು. ಪೆರುವೊಳು ಮರಿಗಳು ಪೊದೆಯ ನೆರಳಲ್ಲಿ, ಬೇರಿನ ಸಂದಿಯಲ್ಲಿ ಗುಂಪು ಗುಂಪಾಗಿ ನಿಂತಿದ್ವು. ಒಂದನ್ನು ಹಿಡಿದು ಎಳೆದ್ರೆ ಇಡೀ ಹೊಳೆಯೇ ಬರ್ತದೆ, ಅಷ್ಟು ಹೊಂದಿಕೊಂಡಿದೆ.

ಮಧ್ಯಾಹ್ನ ಶಿಶಿಲ ಬಿಟ್ಟು ಧರ್ಮಸ್ಥಳ, ಗುರುವಾಯನಕೆರೆ, ನಾರಾವಿ, ಬಜಗೋಳಿ, ಕಾರ್ಕಳ. ದಾರಿಯುದ್ದಕ್ಕೂ ಭಾವ ಮತ್ತು ಅಕ್ಕನ ಮಗಳಿಗೆ ವಾದ. ಕೆಂಪು ಪಟ್ಟಿಯಲ್ಲಿ ಆತಂಕ ಇಲ್ಲ ಅಂತ ಬರೆದ ಮೇಲೆ ನಾವ್ಯಾಕೆ ತಲೆ ಕೆಡಿಸಿಕೊಳ್ಳುದು ಅಂತ ಭಾವ. ಅವಳು ಹೇಳಿದ್ದು ಹೀಗೆ. ಐಯುಸಿಎನ್ 1964ರಿಂದ ಈ ಪಟ್ಟಿ ಮಾಡ್ತಾ ಬಂದಿದೆ, ಅದು ನೋಡುದು ಇಡೀ ಜಗತ್ತಿನಲ್ಲಿ ಈ ಜಾತಿ ಅಳಿಯುವ ಅಪಾಯ ಎಷ್ಟು ಅಂತ. ಹರಡಿದ ಪ್ರದೇಶ ಎಷ್ಟು ದೊಡ್ಡದು, ಸಂಖ್ಯೆ ಎಷ್ಟು ವೇಗದಲ್ಲಿ ಇಳೀತಾ ಉಂಟು, ಇಂಥವು. ಚೀನಾದಿಂದ ಫಿಲಿಪೈನ್ಸ್‌ವರೆಗೆ ಇದ್ದ ಗಿಡಕ್ಕೆ ಬೇರೆ ದರ್ಜೆ ಸಿಗ್ಲಿಕ್ಕೆ ಸಾಧ್ಯವೇ ಇಲ್ಲ. ಹಾಗಂತ ನೇತ್ರಾವತಿಯ ಗಿಡ ಹೋದ್ರೆ ಫಿಲಿಪೈನ್ಸಿನ ಗಿಡ ಬಂದು ನಮ್ಮ ದಡ ಹಿಡಿಯುದಿಲ್ಲ.

ಭಾವ ಸ್ವಲ್ಪ ಹೊತ್ತು ಸುಮ್ಮನಾಗಿ ಮತ್ತೆ, "ಹಾಗಾದ್ರೆ ಪಟ್ಟಿ ಸುಳ್ಳಾ?" ಅಂತ ಕೇಳಿದ್ರು.

"ಸುಳ್ಳಲ್ಲ ಅಪ್ಪ, ಅದು ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ. ನಮ್ಮ ಪ್ರಶ್ನೆ ಬೇರೆ."

ನಮ್ಮ ಜಿಲ್ಲೆಯದ್ದೇ ಇನ್ನೊಂದು ಉದಾಹರಣೆ ಕೊಟ್ಲು. ಮಧುಕಾ ಇನ್ಸಿಗ್ನಿಸ್ ಅಂತ ಹಿಪ್ಪೆಯ ಬಳಗದ ಒಂದು ಮರ, ಅದೂ ಹೊಳೆ ಬದಿಯದ್ದು, ನೂರಕ್ಕೂ ಹೆಚ್ಚು ವರ್ಷ ಯಾರ ಕಣ್ಣಿಗೂ ಬೀಳದೆ ನಿರ್ನಾಮ ಆಯ್ತು ಅಂತ ಪಟ್ಟಿಗೆ ಸೇರಿತ್ತು, ಆಮೇಲೆ ನೋಡಿದ್ರೆ ನಮ್ಮ ದಕ್ಷಿಣ ಕನ್ನಡದ ಹೊಳೆ ದಡದಲ್ಲೇ ಮತ್ತೆ ಸಿಕ್ಕಿತು. ಅಂದ್ರೆ ನಮ್ಮ ಹೊಳೆ ಬದಿಯನ್ನು ನಾವು ಸರಿಯಾಗಿ ನಡೆದು ನೋಡಿದ್ದೇ ಕಮ್ಮಿ. ಉಡುಪಿಯ ಡಾ. ಕೆ. ಗೋಪಾಲಕೃಷ್ಣ ಭಟ್ಟರಂಥವರು ವರ್ಷಗಟ್ಟಲೆ ಅಲೆದು ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಯ ಗಿಡಗಳನ್ನು ದಾಖಲೆ ಮಾಡದೇ ಇದ್ದಿದ್ರೆ ಇಷ್ಟೂ ಗೊತ್ತಿರ್ತಿರ್ಲಿಲ್ಲ.

ಎತ್ತಿನಹೊಳೆಯ ಮಾತೂ ಬಂತು, ಬಾರದೆ ಇರ್ಲಿಕ್ಕೆ ಸಾಧ್ಯ ಉಂಟಾ. ಸಕಲೇಶಪುರದ ಕಡೆಯ ಎತ್ತಿನಹೊಳೆ, ಕಾಡುಮನೆ ಹೊಳೆ, ಕೇರಿಹೊಳೆ, ಹೊಂಗಡಹಳ್ಳ, ಇವುಗಳಿಂದ 24.01 ಟಿಎಂಸಿ ನೀರು ಎತ್ತುವ ಯೋಜನೆ, ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಶುರು ಆಯ್ತು. ಆ ಹಳ್ಳಗಳೆಲ್ಲ ಕೆಳಗಿಳಿದು ಕುಮಾರಧಾರೆಗೆ ಬಂದು ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರುವಂಥವು. ಬಯಲುಸೀಮೆಯವರಿಗೆ ಕುಡಿಯುವ ನೀರು ಬೇಕು ಅನ್ನುದನ್ನು ನಾನು ಅಲ್ಲಗಳೆಯುದಿಲ್ಲ. ಆದ್ರೆ ಮೇಲಿಂದ ಮಳೆಗಾಲದ ರಭಸ ತೆಗ್ದು, ಕೆಳಗಿಂದ ಬೇಸಗೆಯ ಹರಿವನ್ನು ಕಟ್ಟಿ ಹಾಕಿದ್ರೆ ನಡುವೆ ಉಳಿಯುವ ಹೊಳೆಗೆ ಹೊಳೆಯ ಗುಣ ಎಷ್ಟು ಉಳೀತದೆ ಅಂತ ಕೇಳುವ ಹಕ್ಕು ಈ ದಡದಲ್ಲಿ ಹುಟ್ಟಿದವರಿಗೆ ಉಂಟು.

ಹೆಬ್ರಿ ಮುಟ್ಟುವಾಗ ಕತ್ತಲೆ. ಊಟ ಮಾಡಿ ಮಲಗಿದ್ದೇ.

ಭಾನುವಾರ

ಸೀತಾನದಿ ಹುಟ್ಟುದು ಆಗುಂಬೆ ಘಟ್ಟದ ನರಸಿಂಹ ಪರ್ವತದ ಹತ್ರ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಸುರಿಯುವ ಮಳೆಯ ಪಾಲು ಹೊತ್ಕೊಂಡು ಸೋಮೇಶ್ವರ ಅಭಯಾರಣ್ಯದ ನಡುವೆ ಇಳಿದು ಬರ್ತದೆ. ಅಭಯಾರಣ್ಯ ಘೋಷಣೆ ಆದದ್ದು 1974ರಲ್ಲಿ. ಬೆಳಿಗ್ಗೆ ಹೆಬ್ರಿಯಿಂದ ಸೀತಾನದಿ ಕಡೆ ಹೋಗಿ ರಸ್ತೆ ಬದಿಯಿಂದಲೇ ಹೊಳೆ ನೋಡ್ತಾ ಹೋದೆವು. ಕಾಡೊಳಗೆ ನುಗ್ಗಲಿಕ್ಕೆ ಅನುಮತಿ ಬೇಕು, ನಮಗೆ ಅದರ ಅಗತ್ಯವೂ ಬರ್ಲಿಲ್ಲ, ಸೇತುವೆ ಮೇಲಿಂದಲೇ ಕಣ್ಣು ಹಾಯಿಸಿದಷ್ಟು ದೂರಕ್ಕೂ ಬಂಡೆ, ಬಂಡೆಗೊಂದು ಪೊದೆ. ಅರಣ್ಯದೊಳಗಿನ ತುಂಡು ಸುರಕ್ಷಿತ, ಇಷ್ಟು ಹೇಳಿ ಮುಂದೆ ಹೋಗಬಹುದು.

ಬೇಲಿ ಮುಗಿದ ಮೇಲೆ ಹೊಳೆ ಹೇಗುಂಟು ಅನ್ನುದೇ ನಮಗೆ ಬೇಕಾಗಿತ್ತು. ಹೊಳೆಯನ್ನೇ ಅನುಸರಿಸಿಕೊಂಡು ಕೆಳಗೆ ಕೊಕ್ಕರ್ಣೆ ಕಡೆಗೆ ಬಂದೆವು. ಇಳಿದಿಳಿದ ಹಾಗೆ ಪೊದೆ ಕಮ್ಮಿ ಆಗ್ತಾ ಬಂತು. ಒಂದು ಕಡೆ ಹೊಸ ತಡೆಗೋಡೆ, ದಡ ಕೊರೆಯಬಾರದು ಅಂತ ಕಟ್ಟಿದ್ದು, ಅದರ ಬುಡದಲ್ಲಿ ಜೆಸಿಬಿ ಓಡಾಡಿ ಬಂಡೆ ಬದಿ ಎಲ್ಲ ಸಪಾಟು ಮಾಡಿದ ಗುರುತು. ಕಿತ್ತು ಹಾಕಿದ ಪೊದೆಗಳು ದಡದ ಮೇಲೆ ರಾಶಿ ಬಿದ್ದು ಒಣಗಿದ್ವು. ನನಗೆ ನಿಜಕ್ಕೂ ಹೊಟ್ಟೆ ಉರೀತು. ದಡ ಕೊರೆಯದ ಹಾಗೆ ಹಿಡ್ಕೊಂಡಿದ್ದದ್ದೇ ಆ ಪೊದೆಗಳು. ಅವನ್ನು ಕಿತ್ತು ಆ ಕೆಲಸಕ್ಕೆ ಲಕ್ಷ ಲಕ್ಷ ಖರ್ಚು ಮಾಡಿ ಗೋಡೆ.

ಅಲ್ಲಿ ತೋಟದಲ್ಲಿ ಅಡಿಕೆಗೆ ನೀರು ಬಿಡ್ತಿದ್ದ ಹಿರಿಯರೊಬ್ಬರು ಬಂದು ನಿಂತ್ರು. ಅಕ್ಕನ ಮಗಳು ಕೊಂಬೆ ತೋರಿಸಿದ್ಲು.

"ಹ್ವಾಯ್, ಇದಾ? ಇದ್ ಎಷ್ಟ್ ಇದ್ದಿತ್ ಗೊತ್ತಿತ್ತಾ ಇಲ್ಲಿ. ಮಳಿಗಾಲ್ದಗೆ ಪೂರಾ ಮುಳ್ಗತ್ತ್, ಬ್ಯಾಸಗಿಯಗೆ ಮತ್ ಎದ್ದ್ ಬತ್ತ್. ಯಾರೂ ನೆಟ್ಟದ್ದಲ್ಲ, ಯಾರೂ ನೀರ್ ಹಾಕದ್ದಲ್ಲ."

ತೆಗೆಯುವಾಗ ನೀವು ಯಾಕೆ ಹೇಳ್ಲಿಲ್ಲ ಅಂತ ಭಾವ ಕೇಳಿದ್ರು.

"ಕಾಡ್ ಗಿಡ ಅಲ್ದಾ ಅಂದ್ರ್. ಹೊಳಿ ಕ್ಲೀನ್ ಮಾಡುದ್ ಅಂದ್ರ್. ನಂಗೂ ಹಂಗೇ ಕಂಡಿತ್."

ಕಿಂಡಿ ಅಣೆಕಟ್ಟಿನ ಬಗ್ಗೆ ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರವೂ ಉಪ್ಪಿನಂಗಡಿಯ ಅಜ್ಜನದ್ದೇ. ಕೆಳಗಿಂದ ಉಪ್ಪುನೀರು ಏರಿ ಬರುದು ನಿಂತಿದೆ, ಬಾವಿ ಬತ್ತುದಿಲ್ಲ, ತೋಟ ಉಳಿದಿದೆ. ಅವರ ತೋಟ ನೋಡಿದ ಮೇಲೆ ಅಣೆಕಟ್ಟೇ ಬೇಡ ಅಂತ ಹೇಳ್ಲಿಕ್ಕೆ ನನಗೆ ಬಾಯಿ ಬರುದಿಲ್ಲ. ಮೊದಲೂ ನಮ್ಮ ಊರಿನವರು ಹೊಳೆಗೆ ಕಟ್ಟ ಹಾಕ್ತಿದ್ರು, ಮಣ್ಣು, ಸೊಪ್ಪು, ಅಡಿಕೆ ಮರದ ಸಲಾಕೆ, ಮಳೆ ಬಂದ ಕೂಡ್ಲೆ ಕೊಚ್ಚಿ ಹೋಗುವಂಥದ್ದು, ನಾಲ್ಕು ಗದ್ದೆಗೆ ನೀರು ಏರಿಸುವಷ್ಟು ಎತ್ತರದ್ದು. ಅದರ ಸಂದಿಯಿಂದ ನೀರು ಸೋರಿ ಹರೀತಾನೇ ಇರ್ತಿತ್ತು. ಈಗಿನದ್ದು ಕಾಂಕ್ರೀಟು, ಪಶ್ಚಿಮವಾಹಿನಿ ಯೋಜನೆಯಲ್ಲಿ ಕರಾವಳಿಯ ಹೊಳೆಗಳಿಗೆ ಒಂದಾದ ಮೇಲೊಂದು ಬರ್ತಾ ಉಂಟು. ಒಂದರ ಹಿನ್ನೀರು ಮುಗಿಯುವಲ್ಲಿಗೆ ಇನ್ನೊಂದರದ್ದು ಶುರು ಆದ್ರೆ ಬೇಸಗೆಯಲ್ಲಿ ಹೊಳೆ ಅನ್ನುದು ಕೆರೆಗಳ ಸಾಲು. ನನ್ನ ಅಭಿಪ್ರಾಯ ಇಷ್ಟೇ, ಜಾಗ ಆರಿಸುವಾಗ ಮರಳಿನ ಪಾತ್ರ ನೋಡಿ ಕಟ್ಟಿ, ಬಂಡೆ ಇದ್ದು ನೀರು ಸದ್ದು ಮಾಡುವ ತುಂಡುಗಳನ್ನು ಬಿಟ್ಟುಬಿಡಿ. ಎರಡು ಕಟ್ಟೆಯ ನಡುವೆ ಒಂದಷ್ಟು ದೂರ ಹೊಳೆ ಹೊಳೆಯಾಗಿಯೇ ಹರಿಯಲಿ. ಇದ್ದ ಕಟ್ಟೆಗಳಲ್ಲಿ ಒಂದು ಕಿಂಡಿಗೆ ಹಲಗೆ ಸ್ವಲ್ಪ ತಗ್ಗಿಸಿ ಹಾಕಿದ್ರೆ ಕೆಳಗಿನ ಬಂಡೆಗಳು ಒದ್ದೆಯಾಗಿ ಇರ್ತವೆ, ತೋಟಕ್ಕೂ ನಷ್ಟ ಆಗುದಿಲ್ಲ.

ಕೊಕ್ಕರ್ಣೆಯಲ್ಲಿ ಗೋಳಿಬಜೆ ತಿಂದು ಬ್ರಹ್ಮಾವರಕ್ಕೆ ಬಂದು ಹೈವೇ ಹಿಡಿದೆವು. ಉಡುಪಿ, ಕಾಪು, ಮುಲ್ಕಿ, ಪ್ರತಿ ಸೇತುವೆಯಲ್ಲೂ ಅಕ್ಕನ ಮಗಳು ಕಿಟಕಿಯಿಂದ ಕೆಳಗೆ ನೋಡುದು, ಅಲ್ಲೆಲ್ಲ ಉಪ್ಪುನೀರಿನ ಹಿನ್ನೀರು, ಕಾಂಡ್ಲಾ ಗಿಡ, ಇವಳ ಪೊದೆ ಇಲ್ಲ. ಅವಳು ಮಂಗಳೂರು ಮುಟ್ಟುವ ಮೊದಲೇ ಫೋಟೋಗಳನ್ನು ಗಿಡ, ಪ್ರಾಣಿ ಎಲ್ಲಿ ಕಂಡವು ಅಂತ ದಾಖಲಿಸುವ ಜಾಲತಾಣ ಐನ್ಯಾಚುರಲಿಸ್ಟಿಗೆ ಹಾಕಿ ಮುಗಿಸಿದ್ಲು.

ಇದನ್ನು ಓದುವವರಲ್ಲಿ ಯಾರಾದ್ರೂ ಹೊಳೆ ಬದಿಯವರಿದ್ರೆ ಒಂದು ಕೆಲಸ ಮಾಡಿ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಗ್ರಾಮ ಪಂಚಾಯತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಪ್ರಾಣಿಗಳ ದಾಖಲೆ ಪುಸ್ತಕ ಅವರ ಹತ್ರ ಇರಬೇಕು. ಹೋಗಿ ಕೇಳಿ, ಅದರಲ್ಲಿ ಹೊಳೆಯ ಬಂಡೆ ಮೇಲಿನ ಗಿಡಗಳ ಹೆಸರುಂಟಾ ನೋಡಿ. ಇಲ್ಲದಿದ್ರೆ ಬರೆಸಿ. ನೀರು ಕಣಗಿಲೆ ಕಂಡ್ರೆ ಫೆಬ್ರವರಿ, ಮಾರ್ಚಿನಲ್ಲಿ ಹೂ ಇರುವಾಗ ಫೋಟೋ ತೆಗೀರಿ, ಎಲೆಯದ್ದೊಂದು, ಗೊಂಚಲಿನದ್ದೊಂದು, ಗಂಡಾ ಹೆಣ್ಣಾ ಗೊತ್ತಾಗುವ ಹಾಗೆ ಹತ್ತಿರದಿಂದ, ಮತ್ತೆ ಸುತ್ತಲಿನ ಹೊಳೆ ಕಾಣುವ ಹಾಗೆ ದೂರದಿಂದ ಒಂದು. ಎಳೆ ಸಸಿಗಳಿದ್ರೆ ಅದನ್ನು ಖಂಡಿತ ಬರೀರಿ, ಬೀಜದಿಂದ ಹೊಸ ಗಿಡ ಏಳ್ತಾ ಉಂಟಾ ಇಲ್ವಾ ಅನ್ನುದು ಅದರಿಂದಲೇ ಗೊತ್ತಾಗುದು. ಫಲ್ಗುಣಿ, ಶಾಂಭವಿ, ಸ್ವರ್ಣಾ, ವಾರಾಹಿ, ಸೌಪರ್ಣಿಕಾ ಹೊಳೆಗಳ ಮೇಲ್ಭಾಗ ನಾವಿನ್ನೂ ನೋಡಿಲ್ಲ. ಮಳೆ ಶುರು ಆಗುವ ಮೊದಲು ಸ್ವರ್ಣೆಯ ಮಾಳ ಕಡೆ ಹೋಗುದು ಅಂತ ಉಂಟು, ಆ ಕಡೆಯವರು ಯಾರಾದ್ರೂ ಬಂಡೆ ಹೊಳೆಯ ಜಾಗ ತೋರಿಸ್ತೀರಂತಾದ್ರೆ ತಿಳಿಸಿ.